ಬೆಕ್ಕಿನ ಮೇಲಿನ ಆರೋಪಪಟ್ಟಿ

ಪ್ರಾಣಿಗಳ ಆಸ್ಪತ್ರೆಯಲ್ಲಿ ಫೋನ್ ಎತ್ತುವ ಕೆಲಸಕ್ಕೆ ಸೇರಿ ನನಗೆ ಒಂಬತ್ತು ವರ್ಷವಾಯಿತು. ಇಷ್ಟು ವರ್ಷದಲ್ಲಿ ಕಲಿತದ್ದೇನೆಂದರೆ, ಗಂಟಲು ಹರಿಯುವಂತೆ ಕಿರುಚುವವರ ನಾಯಿಗೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. "ಏನಿಲ್ಲ, ಸುಮ್ನೆ ಕೇಳೋಣ ಅಂತ ಮಾಡ್ದೆ" ಎಂದು ಮೆತ್ತಗೆ ಶುರುಮಾಡುವವರ ನಾಯಿಯೇ ಅಷ್ಟು ಹೊತ್ತಿಗೆ ಅರ್ಧ ಜೀವವಾಗಿರುತ್ತದೆ. ಒಬ್ಬ ಶಾಲಾ ಬಸ್ಸಿನ ಡ್ರೈವರು ಫೋನ್ ಮಾಡಿ, ತನ್ನ ಆಮೆ ಬೆಳಗ್ಗೆಯಿಂದ ಇದ್ದಲ್ಲೇ ಇದೆ ಎಂದು ಅತ್ತಿದ್ದ. ಇನ್ನೊಬ್ಬಾಕೆ ತನ್ನ ನಾಯಿ ಕಾಲುಚೀಲ ನುಂಗಿದ ಸುದ್ದಿಯನ್ನು ಮೂರು ದಿನ ಬಿಟ್ಟು ಹೇಳಿದಳು, ಅದೂ ಬೇರೇನೋ ಕೇಳಲು ಮಾಡಿದ ಫೋನಿನ ಕೊನೆಯಲ್ಲಿ. ನಾಯಿ ಬದುಕಿತು. ಕಾಲುಚೀಲವನ್ನು ಒಗೆದು ಹಾಕಿಕೊಳ್ಳಬಹುದೇ ಎಂದೂ ಆಕೆ ಕೇಳಿದಳು.

ನನ್ನ ಮೇಜಿನ ಮೇಲೆ ಒಂದು ದಪ್ಪ ರಿಜಿಸ್ಟರು, ಮೂರು ಪೆನ್ನು. ಬಂದ ಪ್ರತಿ ಕರೆಯನ್ನೂ ಬರೆಯಬೇಕು. ಕೆಂಪು ಶಾಯಿ ಎಂದರೆ ಇದ್ದ ಹಾಗೇ ಎತ್ತಿಕೊಂಡು ಬನ್ನಿ, ನೀಲಿ ಎಂದರೆ ಸಂಜೆಯೊಳಗೆ ಬನ್ನಿ, ಹಸಿರು ಎಂದರೆ ನಾಲ್ಕು ಸಮಾಧಾನದ ಮಾತು ಹೇಳಿ ಫೋನ್ ಇಡುವುದು. ನಾನು ಹಸಿರು ಎಂದದ್ದು ಕೆಂಪಾದ ಉದಾಹರಣೆ ಒಂಬತ್ತು ವರ್ಷದಲ್ಲಿ ಒಂದೂ ಇರಲಿಲ್ಲ. ಈ ಮಾತನ್ನು ನಾನು ಯಾರೂ ಕೇಳದಿದ್ದಾಗಲೂ ಹೇಳುತ್ತಿದ್ದೆ. ನನ್ನ ಕಿವಿಯ ಮೇಲೆ ನನಗೆ ಅಷ್ಟು ಜಂಬ.

ಕಾಯುವ ಹಜಾರದ ಗೋಡೆಯ ಮೇಲೆ ಹತ್ತು ಕಾರ್ಡುಗಳಿವೆ. ಯಾವ ಲಕ್ಷಣ ಕಂಡರೆ ತಡಮಾಡಬಾರದು ಎಂದು ತಿಳಿಸುವ ಕಾರ್ಡುಗಳು. ನಮ್ಮ ಡಾಕ್ಟರಮ್ಮ ಮೊದಲು ಬರೆದುಕೊಟ್ಟದ್ದನ್ನು ಓದಿದರೆ ಮನುಷ್ಯರಿಗೇ ಚಿಕಿತ್ಸೆ ಬೇಕಾಗುವಂತಿತ್ತು. ಹಾಗಾಗಿ ನಾನೇ ಕೂತು, ಜನ ಆಡುವ ಮಾತಿನಲ್ಲಿ ಅವನ್ನೆಲ್ಲ ತಿರುಗಿ ಬರೆದೆ. ಮೂರನೆಯ ಕಾರ್ಡು ನನಗೆ ಬಹಳ ಇಷ್ಟ. "ಗಂಡು ಬೆಕ್ಕು ಪದೇ ಪದೇ ಮರಳಿನ ಟ್ರೇಗೆ ಹೋಗಿ, ತಿಣುಕಿ, ಏನೂ ಮಾಡದೆ ಬರುತ್ತಿದೆಯೇ? ಮಲ ಕಟ್ಟಿರಬೇಕು ಎಂದು ಸುಮ್ಮನೆ ಕೂರಬೇಡಿ. ಕಟ್ಟಿರುವುದು ಮೂತ್ರ. ಒಂದು ದಿನದಲ್ಲಿ ಜೀವ ಹೋಗಬಹುದು. ಎತ್ತಿಕೊಂಡು ಬನ್ನಿ." ಈ ಕಾರ್ಡು ಓದಿದ್ದವರು ಸಕಾಲಕ್ಕೆ ತಂದು ಉಳಿಸಿಕೊಂಡ ಬೆಕ್ಕುಗಳು ಐದಾರಾದರೂ ಇದ್ದಾವು.

ಇಷ್ಟೆಲ್ಲ ಪೀಠಿಕೆ ಏಕೆಂದರೆ, ಮುಂದೆ ಹೇಳುವುದನ್ನು ಕೇಳಿ ನೀವು ನನ್ನನ್ನು ತೀರಾ ದಡ್ಡಿ ಅಂದುಕೊಳ್ಳಬಾರದು. ದಡ್ಡಿಯಾಗಿದ್ದರೆ ಹೀಗಾಗುತ್ತಲೇ ಇರಲಿಲ್ಲ.

ನಮ್ಮ ಮನೆಯಲ್ಲಿ ನಾವು ಮೂವರು. ನಾನು, ಲಿಫ್ಟ್ ರಿಪೇರಿ ಮಾಡುವ ನನ್ನ ಗಂಡ, ಮತ್ತು ನಮ್ಮ ಮಾವ. ಆರು ತಿಂಗಳ ಹಿಂದೆ ನಾಲ್ಕನೆಯವನು ಬಂದ. ಕಾಲು ಮುರಿದ ಗಂಡು ಬೆಕ್ಕೊಂದನ್ನು ಯಾರೋ ಆಸ್ಪತ್ರೆಗೆ ಸೇರಿಸಿ, ಈಗ ಬರುತ್ತೇವೆ ಎಂದು ಹೋದವರು ತಿರುಗಿ ನೋಡಲಿಲ್ಲ. ಕಾಲು ನೆಟ್ಟಗಾದ ಮೇಲೆ ನಾನು ಮನೆಗೆ ತಂದೆ. ಬೂದು ಬಣ್ಣ, ಅಗಲ ಮುಖ. ಯಾರು ಕರೆದರೂ ಆಮೇಲೆ ನೋಡೋಣ ಎಂಬಂತೆ ಕೂತಿರುತ್ತಿದ್ದ. ದೊರೆ ಎಂದು ಹೆಸರಿಟ್ಟೆ. ಅವನು ಬಾಗಿಲು ದಾಟಿ ಸೀದಾ ಹೋಗಿ ಮಾವನ ಕುರ್ಚಿಯಲ್ಲಿ ಕೂತ.

ನಮ್ಮ ಮಾವ ನಲವತ್ತು ವರ್ಷ ಕೋರ್ಟಿನಲ್ಲಿ ಸಾಕ್ಷಿಗಳು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದವರು. ಸಾಕ್ಷಿ ಏನು ಹೇಳಿದನೋ ಅದು, ಹೇಳಿದ ಹಾಗೇ. ಕೆಮ್ಮಿದರೆ 'ಕೆಮ್ಮಿದನು' ಎಂದು ಬರೆಯುತ್ತಿದ್ದರಂತೆ. ಒಬ್ಬ ನ್ಯಾಯಾಧೀಶರು ತಮ್ಮ ಬಾಯಿತಪ್ಪನ್ನು ಸ್ವಲ್ಪ ಹಿಂದೆ ಮುಂದೆ ಮಾಡಿ ಬರೆಯಲು ಹೇಳಿದ್ದಕ್ಕೆ, "ಸ್ವಾಮಿ, ಕಿವಿಗೆ ಬಿದ್ದದ್ದು ಬಿದ್ದ ಹಾಗೇ ಕೈಗೆ ಬರುತ್ತೆ. ನಡುವೆ ನಾನು ಇಲ್ಲ" ಎಂದು ವರ್ಗಾವಣೆ ಮಾಡಿಸಿಕೊಂಡವರು. ಈ ಕಥೆಯನ್ನು ಅವರು ನನಗೆ ಮೂವತ್ತು ಸಲವಾದರೂ ಹೇಳಿದ್ದಾರೆ. ಮೂವತ್ತು ಸಲವೂ ಒಂದು ಅಕ್ಷರ ಆಚೀಚೆಯಾಗಿಲ್ಲ.

ಬೆಕ್ಕು ಬೇಡವೇ ಬೇಡ ಎಂದು ಮಾವ ಹಟ ಹಿಡಿದರು. ಅಪ್ಪನಿಗೂ ಹೂಂ, ಹೆಂಡತಿಗೂ ಹೂಂ ಎನ್ನುವುದರಲ್ಲಿ ಪಳಗಿದ ನನ್ನ ಗಂಡ ಒಂದು ದಾರಿ ಹುಡುಕಿದ. "ಅಪ್ಪ, ಆರು ತಿಂಗಳು ನೋಡೋಣ. ಅದರಿಂದ ತೊಂದರೆ ಅಂತ ನೀವು ಸಾಬೀತು ಮಾಡಿದ್ರೆ ಬೇರೆ ಮನೆ ಹುಡುಕೋಣ." ಅವನು ಹೇಳಿದ್ದು ಅವತ್ತಿನ ಊಟ ನೆಮ್ಮದಿಯಾಗಿ ಮುಗಿಯಲಿ ಎಂದು. ಮಾವ ಮರುದಿನವೇ ಉದ್ದನೆಯ ನೋಟ್‌ಬುಕ್ಕು ತಂದು, ಮೊದಲ ಪುಟದಲ್ಲಿ 'ಆರೋಪಪಟ್ಟಿ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಅವತ್ತಿನಿಂದ ದೊರೆಯನ್ನು ಅವರು ಆರೋಪಿ ಎಂದೇ ಕರೆದರು, ಎದುರಿಗೂ.

"ಬೆಳಗ್ಗೆ 7.05. ಸದರಿ ಆರೋಪಿಯು ಫಿರ್ಯಾದಿಯ ಕುರ್ಚಿಯಲ್ಲಿ ಕುಳಿತಿದ್ದು, ಏಳುವಂತೆ ಹೇಳಿದಾಗ ಕಣ್ಣು ಮುಚ್ಚಿಕೊಂಡಿತು." "ಮಧ್ಯಾಹ್ನ 1.20. ಫಿರ್ಯಾದಿಯ ಕನ್ನಡಕವನ್ನು ಮೇಜಿನಿಂದ ಕೆಡವಿ, ಬಿದ್ದದ್ದನ್ನು ಬಗ್ಗಿ ನೋಡಿತು." ಹೀಗೆ ಪುಟಗಟ್ಟಲೆ. ನಾನೂ ನನ್ನ ಗಂಡನೂ ಅದನ್ನು ಕದ್ದು ಓದಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ಬರೆದು ಸಮಾಧಾನವಾಗದಿದ್ದರೆ ಮಾವ ಆಸ್ಪತ್ರೆಗೆ ಫೋನ್ ಮಾಡಿ ನನಗೆ ಓದಿ ಹೇಳುತ್ತಿದ್ದರು. ದಿನಕ್ಕೆ ಒಂದಾದರೂ ಫೋನು. ಮನೆಯ ಕರೆಗಳನ್ನು ನಾನು ರಿಜಿಸ್ಟರಿಗೆ ಹತ್ತಿಸುತ್ತಿರಲಿಲ್ಲ. ಅವಕ್ಕೆ ಯಾವ ಬಣ್ಣವೂ ಇರಲಿಲ್ಲ.

ಆ ಶನಿವಾರ ಮಧ್ಯಾಹ್ನ ಮೂರಕ್ಕೆ ನನ್ನ ಭಾಷಣ. ಪ್ರಾಣಿ ಸಾಕುವವರನ್ನೆಲ್ಲ ಕರೆದು, ಯಾವಾಗ ತುರ್ತು ಎಂದು ಗುರುತಿಸುವುದು ಹೇಗೆ, ಆಗ ಏನು ಮಾಡಬೇಕು ಎಂದು ತಿಳಿಸಬೇಕೆಂಬುದು ಡಾಕ್ಟರಮ್ಮನ ಬಹಳ ದಿನದ ಆಸೆ. ತಾನು ಮಾತಾಡಿದರೆ ಜನ ನಿದ್ದೆ ಹೋಗುತ್ತಾರೆ ಎಂಬುದು ಆಕೆಗೆ ಗೊತ್ತಿತ್ತು. "ನೀವೇ ಮಾತಾಡಿ, ನಿಮಗೆ ಬಾಯಿದೆ" ಎಂದರು. ಮರುದಿನ ಭಾನುವಾರಕ್ಕೆ ದೊರೆಯ ಆರು ತಿಂಗಳೂ ಮುಗಿಯುತ್ತಿತ್ತು. ಎರಡು ದಿನದಲ್ಲಿ ಎರಡು ಪರೀಕ್ಷೆ ಎಂದು ನಾನು ನನ್ನಷ್ಟಕ್ಕೆ ನಗೆಯಾಡಿಕೊಂಡೆ.

ಬೆಳಗ್ಗೆ ಹನ್ನೊಂದು ದಾಟಿತ್ತು. ಗೋಡೆಯ ಕಾರ್ಡುಗಳ ಪ್ರತಿಗಳನ್ನು ಕೈಯಲ್ಲಿ ಹಿಡಿದು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ನಗಿಸಬೇಕು ಎಂದು ಬಾಯಿಪಾಠ ಮಾಡುತ್ತಿದ್ದೆ. ಫೋನು ಬಂತು.

"ನಾನಮ್ಮ, ಮಾವ."

"ಹೇಳಿ ಮಾವ, ಸ್ವಲ್ಪ ಬೇಗ."

"ಆರೋಪಿ ಬೆಳಗ್ಗೆ ಆರರಿಂದ ಏಳು ಸಲ ಟ್ರೇಗೆ ಹೋಗಿದೆ. ಏಳು ಸಲವೂ ಮರಳು ಕೆದಕಿದೆ. ಮರಳೆಲ್ಲ ನೆಲದ ಮೇಲಿದೆ. ಮಾಡಿದ್ದು ಮಾತ್ರ ಏನೂ ಇಲ್ಲ."

"ಬಂದು ಗುಡಿಸ್ತೀನಿ ಮಾವ."

"ಗುಡಿಸೋ ಮಾತಲ್ಲ. ನನ್ನ ಚಪ್ಪಲಿ ಮೇಲೆ ವಾಂತಿ ಮಾಡಿದೆ."

"ಚಪ್ಪಲೀನೂ ತೊಳಿತೀನಿ. ಮಲ ಕಟ್ಟಿರ್ಬೇಕು ಅಷ್ಟೆ. ಇವತ್ತು ನಂಗೆ ಸಾವಿರ ಕೆಲ್ಸ ಇದೆ, ಇಡ್ತೀನಿ."

ಇಟ್ಟೆ. ಇಟ್ಟವಳು, ನನ್ನ ಕೈಯಲ್ಲಿದ್ದ ಮೂರನೆಯ ಕಾರ್ಡನ್ನು ಗಟ್ಟಿಯಾಗಿ ಓದಿ, 'ಸುಮ್ಮನೆ ಕೂರಬೇಡಿ' ಎಂಬಲ್ಲಿ ದನಿ ಏರಿಸಬೇಕು ಎಂದು ಗುರುತು ಹಾಕಿಕೊಂಡೆ. ಇದನ್ನು ನಾನು ಉತ್ಪ್ರೇಕ್ಷೆ ಮಾಡಿ ಹೇಳುತ್ತಿಲ್ಲ. ಆ ಗುರುತು ಆ ಕಾಗದದಲ್ಲಿ ಇವತ್ತಿಗೂ ಇದೆ.

ಮೂರಕ್ಕೆ ಹಜಾರ ತುಂಬಿತು. ಎಪ್ಪತ್ತು ಜನವಾದರೂ ಇದ್ದರು. ಮುಂದಿನ ಸಾಲಿನಲ್ಲಿ ಕೊರಳಿಗೆ ಅಳತೆ ಟೇಪು ಹಾಕಿಕೊಂಡ ಟೈಲರಮ್ಮ, ಆಕೆಯ ಪಕ್ಕದಲ್ಲಿ ಆಮೆಯ ಡ್ರೈವರು. ಗೋಡೆಗೊರಗಿ ಡಾಕ್ಟರಮ್ಮ. ನಾನು ಶುರುಮಾಡಿದ ಹತ್ತೇ ನಿಮಿಷಕ್ಕೆ ಸಭೆ ನನ್ನ ಕೈಯಲ್ಲಿತ್ತು. ಒಸಡು ಬಿಳಚಿಕೊಂಡರೆ ಏನು, ಹೊಟ್ಟೆ ಉಬ್ಬಿದರೆ ಏನು, ಬಾಯಿ ತೆರೆದು ಉಸಿರಾಡುವ ಬೆಕ್ಕನ್ನು ಆಟವಾಡಿ ದಣಿದಿದೆ ಎಂದು ಯಾಕೆ ಬಿಡಬಾರದು, ಎಲ್ಲವನ್ನೂ ನಗಿಸಿ ಹೇಳಿದೆ. ಗಾಬರಿ ಬೀಳುವುದು ಬೇರೆ, ಗಮನಿಸುವುದು ಬೇರೆ ಎಂದು ವಿವರಿಸುತ್ತಿದ್ದಾಗ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಗಂಟೆ ಮೂರು ಹನ್ನೆರಡು. ಮಾವ.

ಕಟ್ ಮಾಡಬಹುದಿತ್ತು. ಆದರೆ ಚಪ್ಪಾಳೆಯ ರುಚಿ ಹತ್ತಿದವಳಿಗೆ ಬುದ್ಧಿ ಎಲ್ಲಿರುತ್ತದೆ! "ನೋಡಿ, ನಮ್ಮನೆಯಿಂದ್ಲೇ ಫೋನು. ತುರ್ತಲ್ಲದ ಕರೆ ಹೇಗಿರುತ್ತೆ ಅಂತ ನಾನು ಹೇಳೋದಕ್ಕಿಂತ ನೀವೇ ಕೇಳಿ" ಎಂದು ಸ್ಪೀಕರು ಹಾಕಿ, ಫೋನನ್ನು ಮೈಕಿಗೆ ಹಿಡಿದೆ.

ಮಾವನ ದನಿ ಹಜಾರದ ತುಂಬ ಕೇಳಿತು. "ಆರೋಪಿ ಈವರೆಗೆ ಹತ್ತೊಂಬತ್ತು ಸಲ ಹೋಗಿದೆ. ಕೊನೆಯ ಸಲ ಟ್ರೇಯಲ್ಲೇ ಕೂತು ಕೂಗಿತು. ಈಗ ನನ್ನ ಮಂಚದ ಕೆಳಗೆ ಮಲಗಿದೆ. ನಾನು ಬೈದೆ. ಹೋಗಲಿಲ್ಲ."

ಆರೋಪಿ ಎಂಬ ಮಾತಿಗೇ ಸಭೆ ನಕ್ಕಿತು. ನಾನು ಸಭೆಗೆ ಕಣ್ಣು ಹೊಡೆದು, "ಯಾಕೆ ಬೈದ್ರಿ ಮಾವ?" ಎಂದೆ.

"ಬೈದರಾದರೂ ಎದ್ದು ಹೋಗುತ್ತಾ ಅಂತ ನೋಡೋಕೆ."

ಮತ್ತೂ ನಗು. "ಮಾವ, ನಾನು ಜನರ ಮುಂದೆ ನಿಂತಿದೀನಿ. ಬೆಕ್ಕು ನಾಟಕ ಆಡ್ತಿದೆ. ನೀವು ಒಂದು ಲೋಟ ನೀರು ಕುಡಿದು ಮಲಗಿ" ಎಂದು ಫೋನ್ ಇಟ್ಟೆ. ಚಪ್ಪಾಳೆ ಬಿತ್ತು. ಗೋಡೆಗೊರಗಿದ್ದ ಡಾಕ್ಟರಮ್ಮ ಅಷ್ಟರಲ್ಲಿ ಒಂದು ನಾಯಿಮರಿಯ ಸೂಜಿಗೆಂದು ಒಳಗೆ ಹೋಗಿದ್ದರು. ಇದ್ದಿದ್ದರೆ ಅಲ್ಲೇ ನನ್ನ ಕಿವಿ ಹಿಂಡುತ್ತಿದ್ದರೇನೋ.

ಆಮೇಲೆ ಕಾರ್ಡುಗಳ ಸರದಿ. ಒಂದನೆಯದು, ವಿಷ ತಿಂದರೆ. ಎರಡನೆಯದು, ರಕ್ತ ನಿಲ್ಲದಿದ್ದರೆ. ಪ್ರಶ್ನೆಗಳು, ಉತ್ತರಗಳು. ಕಾಲು ಗಂಟೆ ಕಳೆದಿರಬೇಕು. ಮೂರನೆಯದನ್ನು ನಾನು ನೋಡದೆ ಹೇಳಬಲ್ಲೆ. ಕಣ್ಣನ್ನು ಸಭೆಯ ಮೇಲಿಟ್ಟು ಶುರುಮಾಡಿದೆ. "ಗಂಡು ಬೆಕ್ಕು ಪದೇ ಪದೇ ಮರಳಿನ ಟ್ರೇಗೆ ಹೋಗಿ, ತಿಣುಕಿ, ಏನೂ ಮಾಡದೆ ಬರುತ್ತಿದೆಯೇ?"

ಸಭೆಯಲ್ಲಿ ನಗುವಿರಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ನನ್ನ ಬಾಯಿ ತನ್ನ ಪಾಡಿಗೆ ಮುಂದುವರಿಯಿತು. 'ಸುಮ್ಮನೆ ಕೂರಬೇಡಿ' ಎಂಬಲ್ಲಿ ದನಿಯನ್ನೂ ಏರಿಸಿತು.

ಟೈಲರಮ್ಮ ಕೈ ಎತ್ತಿದಳು. ಪಾಪ, ಬಹಳ ಸಂಕೋಚದಿಂದ ಕೇಳಿದಳು. "ತಪ್ಪು ತಿಳ್ಕೋಬೇಡಿ ಮೇಡಂ. ನಿಮ್ಮನೆ ಬೆಕ್ಕು ಗಂಡಾ, ಹೆಣ್ಣಾ?"

ಎದೆ ಧಸಕ್ಕೆಂದಿತು ಎಂದು ಜನ ಹೇಳುವುದನ್ನು ಕೇಳಿದ್ದೆ. ಹಾಗೇನೂ ಆಗಲಿಲ್ಲ. ಮಾವ ಹೇಳಿದ್ದೆಲ್ಲ ಒಂದೊಂದಾಗಿ ಕಿವಿಗೆ ಬಂತು. ಏಳು ಸಲ. ಚಪ್ಪಲಿಯ ಮೇಲೆ ವಾಂತಿ. ಹತ್ತೊಂಬತ್ತು ಸಲ. ಬೈದರೂ ಏಳಲಿಲ್ಲ. ಯಾರೋ ಅಪರಿಚಿತರು ಹೀಗೆ ಹೇಳಿದ್ದರೆ ಮೊದಲ ವಾಕ್ಯ ಮುಗಿಯುವ ಮುನ್ನ ಕೆಂಪು ಪೆನ್ನಿಗೆ ಕೈ ಹಾಕಿರುತ್ತಿದ್ದೆ. ಮಾವ ಹೇಳಿದರೆಂದು, ಬರೀ ಮಾವ ಹೇಳಿದರೆಂದು, ನನಗೆ ಕೇಳಿಸಲಿಲ್ಲ.

ಮೈಕನ್ನು ಟೈಲರಮ್ಮನ ಮಡಿಲಲ್ಲಿಟ್ಟು ಮನೆಗೆ ಫೋನ್ ಮಾಡಿದೆ. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಮನೆಗೆ ನಡೆದರೆ ಇಪ್ಪತ್ತು ನಿಮಿಷ, ಓಡಿದರೆ ಹತ್ತು. ಚಪ್ಪಲಿ ಕಳಚಿ ಕೈಗೆ ತೆಗೆದುಕೊಂಡು ಬಾಗಿಲ ಕಡೆಗೆ ಓಡಿದೆ.

ಬಾಗಿಲಲ್ಲಿ ಮಾವ ನಿಂತಿದ್ದರು.

ಕೋರ್ಟಿಗೆ ಹಾಕುತ್ತಿದ್ದ ಕಪ್ಪು ಕೋಟು, ಕಂಕುಳಲ್ಲಿ ನೋಟ್‌ಬುಕ್ಕು, ಎರಡೂ ಕೈಯಲ್ಲಿ ಒಗೆಯುವ ಬಟ್ಟೆಯ ಬುಟ್ಟಿ. ಬುಟ್ಟಿಯ ಮೇಲೆ ಅವರ ಟವೆಲು. ಆರು ತಿಂಗಳಲ್ಲಿ ಬೆರಳ ತುದಿಯಿಂದಲೂ ದೊರೆಯನ್ನು ಮುಟ್ಟದ ಮನುಷ್ಯನ ಮುಂಗೈಯಲ್ಲಿ ಮೂರು ಉದ್ದನೆಯ ಪರಚುಗಾಯ. ಬಿಸಿಲಲ್ಲಿ ನಡೆದು ಬಂದು ಏದುಸಿರು ಬಿಡುತ್ತಿದ್ದರು. ನನ್ನ ಮುಖ ನೋಡಲಿಲ್ಲ. ನನ್ನ ಹೆಗಲಿನಾಚೆ ಎಲ್ಲೋ ನೋಡುತ್ತ, "ಆರೋಪಿಯನ್ನು ಹಾಜರುಪಡಿಸಿದೀನಿ" ಎಂದರು.

ಎಪ್ಪತ್ತು ಜನ ಎದ್ದು ಎರಡು ಬದಿಗೆ ಸರಿದು ದಾರಿ ಬಿಟ್ಟರು.

ಒಳಗಿನ ಮೇಜಿನ ಮೇಲೆ ದೊರೆ ಒದ್ದೆ ಬಟ್ಟೆಯಂತೆ ಬಿದ್ದಿದ್ದ. ಡಾಕ್ಟರಮ್ಮ ಅವನ ಹೊಟ್ಟೆಯ ಕೆಳಗೆ ಎರಡು ಬೆರಳಿಟ್ಟು, ನನ್ನ ಕೈ ಹಿಡಿದು ಅಲ್ಲೇ ಇಡಿಸಿದರು. ಗಟ್ಟಿಯಾದ ಚೆಂಡಿನಂಥದ್ದು ಸಿಕ್ಕಿತು. "ತುಂಬಿ ಕೂತಿದೆ" ಎಂದರು. ಆಮೇಲೆ ನಾನು ಒಂಬತ್ತು ವರ್ಷದಿಂದ ಎಲ್ಲರನ್ನೂ ಕೇಳುತ್ತ ಬಂದ ಪ್ರಶ್ನೆಯನ್ನೇ ನನಗೆ ಕೇಳಿದರು. "ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ?"

ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದ ಜನರ ಬಗ್ಗೆ ನಾನು ಎಷ್ಟು ಸಲ ಮೂಗು ಮುರಿದಿದ್ದೇನೋ! ಸಾಕುತ್ತಾರಂತೆ, ಅಷ್ಟೂ ನೋಡುವುದಿಲ್ಲವಂತೆ. ಈಗ ನನಗೇ ಗೊತ್ತಿರಲಿಲ್ಲ.

"ನಿನ್ನೆ ಸಂಜೆ ಆರು ನಲವತ್ತು" ಎಂದು ಹಿಂದಿನಿಂದ ಮಾವನ ದನಿ ಬಂತು. ಕನ್ನಡಕ ಹಾಕಿ ನೋಟ್‌ಬುಕ್ಕು ತೆರೆದಿದ್ದರು. "ನಾಲ್ಕು ಹನಿ. ಕೆಂಪು ಛಾಯೆ. ಟ್ರೇ ಹೊರಗೆ, ನೆಲದ ಮೇಲೆ. ದುರುದ್ದೇಶದಿಂದ ಮಾಡಿದೆ ಅಂತ ಆವಾಗ ಬರೆದಿದ್ದೆ. ಅದು ನನ್ನ ಊಹೆ, ಬಿಟ್ಟುಬಿಡಿ."

ಡಾಕ್ಟರಮ್ಮ ತಲೆ ಎತ್ತಿ ಅವರನ್ನು ನೋಡಿದರು. "ಯಜಮಾನರೇ, ಎಲ್ಲ ಓದಿ."

ಮಾವ ಓದಿದರು. ಕೋರ್ಟಿನಲ್ಲಿ ಓದುತ್ತಿದ್ದ ಹಾಗೇ, ಏರಿಳಿತವಿಲ್ಲದ ದನಿ. ನೀರು ಮುಟ್ಟದೆ ಹೋದ ಹೊತ್ತು, ವಾಂತಿಯ ಹೊತ್ತು, ಪ್ರತಿ ಸಲ ಟ್ರೇಯಲ್ಲಿ ಎಷ್ಟು ನಿಮಿಷ, ಕೂಗಿತೇ ಇಲ್ಲವೇ. ಡಾಕ್ಟರಮ್ಮನ ಕೈ ಔಷಧಿ ತುಂಬುತ್ತಿತ್ತು, ಕಿವಿ ಅಲ್ಲಿತ್ತು. ಮಾವನಿಗೆ ನಡುವೆ ಬಿಟ್ಟು ಓದುವುದು ಗೊತ್ತಿಲ್ಲವಲ್ಲ. ಹಾಗಾಗಿ ಅದೂ ಬಂತು. "ಬೆಳಗ್ಗೆ 11.25. ಸೊಸೆಗೆ ಫೋನು. ಸೊಸೆ ಹೇಳಿದ್ದು: ಮಲ ಕಟ್ಟಿರ್ಬೇಕು ಅಷ್ಟೆ, ಇವತ್ತು ನಂಗೆ ಸಾವಿರ ಕೆಲ್ಸ ಇದೆ, ಇಡ್ತೀನಿ. ಇಟ್ಟಳು. ಮಧ್ಯಾಹ್ನ 3.12. ಸೊಸೆಗೆ ಫೋನು. ಸೊಸೆ ಹೇಳಿದ್ದು: ಬೆಕ್ಕು ನಾಟಕ ಆಡ್ತಿದೆ, ನೀವು ಒಂದು ಲೋಟ ನೀರು ಕುಡಿದು ಮಲಗಿ. ಹಲವರು ನಕ್ಕರು. 3.15. ಹೊರಟೆ."

ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಮಾವ ಬೈಯಲಿಲ್ಲ, ದೂರಲೂ ಇಲ್ಲ. ಕಿವಿಗೆ ಬಿದ್ದದ್ದನ್ನು ಓದಿದರು ಅಷ್ಟೆ. ಡಾಕ್ಟರಮ್ಮ ನನ್ನ ಕಡೆ ಒಂದೇ ಒಂದು ಸಲ ನೋಡಿ, "ಹೊರಗೆ ಕೂತಿರಿ" ಎಂದರು. ರಕ್ತದಲ್ಲಿ ಪೊಟ್ಯಾಸಿಯಂ ಏರಿದೆ, ಎದೆಬಡಿತ ನಿಧಾನವಾಗಿದೆ, ಮಂಪರು ಕೊಟ್ಟು ನಳಿಕೆ ಹಾಕಬೇಕು, ಮಾತು ಕೊಡಲಾರೆ ಎಂದರು.

ಹೊರಗೆ ಜನ ಚದುರಿದ್ದರು. ಟೈಲರಮ್ಮ ಮಾತ್ರ ಮೈಕು ಹಿಡಿದು ಕೂತಿದ್ದಳು. ಯಾರ ಕೈಗೆ ಕೊಡಬೇಕೋ ಗೊತ್ತಾಗಲಿಲ್ಲವಂತೆ. ಅದನ್ನು ನನಗೆ ಕೊಟ್ಟು, ನನ್ನ ಬೆನ್ನು ಸವರಿ ಹೋದಳು. ನಾನು ಬೆಂಚಿನ ಮೇಲೆ ಕೂತು ಅಳಬಾರದೆಂದು ಹಲ್ಲು ಕಚ್ಚಿಕೊಂಡೆ, ಆದರೂ ಅತ್ತೆ. ಮಾವ ಗೋಡೆಯ ಮೇಲಿನ ಕಾರ್ಡುಗಳನ್ನು ಒಂದೊಂದಾಗಿ ಓದುತ್ತ ನಿಂತಿದ್ದರು. ಮೂರನೆಯದರ ಮುಂದೆ ಬಹಳ ಹೊತ್ತು ನಿಂತರು.

"ಚೆನ್ನಾಗಿ ಬರೆದಿದಾರೆ" ಎಂದರು. "ಒಂದು ಮಾತೂ ಹೆಚ್ಚಿಲ್ಲ. ಯಾರು ಬರೆದದ್ದು?"

"ನಾನೇ ಮಾವ."

ಮಾವ ಪಕ್ಕದಲ್ಲಿ ಬಂದು ಕೂತರು. ನೋಟ್‌ಬುಕ್ಕು ತೊಡೆಯ ಮೇಲಿತ್ತು, ಪೆನ್ನು ಜೇಬಿನಲ್ಲಿತ್ತು. ಜೇಬಿಗೆ ಕೈ ಹೋಗಲಿಲ್ಲ.

ಸುಮಾರು ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಡಾಕ್ಟರಮ್ಮ ಮಾವನ ಹತ್ತಿರ ಬಂದು ಹೇಳಿದರು. "ಬಿಟ್ಟುಕೊಂಡಿತು. ಮೂತ್ರ ಹರೀತಿದೆ. ಇನ್ನೊಂದೆರಡು ಗಂಟೆ ತಡವಾಗಿದ್ರೆ ಎದೆ ನಿಂತುಹೋಗ್ತಿತ್ತು. ಈ ಥರ ದಾಖಲೆ ತಂದವರನ್ನ ನಾನು ನೋಡೇ ಇಲ್ಲ ಯಜಮಾನರೇ. ಅಷ್ಟು ಇಷ್ಟಪಡ್ತೀರಾ ಅದನ್ನ?"

"ನಾನು ಫಿರ್ಯಾದಿ" ಎಂದರು ಮಾವ.

ಭಾನುವಾರ ಊಟಕ್ಕೆ ಕೂತಾಗ ನನ್ನ ಗಂಡ, ಎಲ್ಲ ಗೊತ್ತಿದ್ದೂ, ತಮಾಷೆಗೆ ಕೇಳಿದ. "ಅಪ್ಪ, ಇವತ್ತು ಆರು ತಿಂಗಳು ಮುಗೀತು. ಏನು ತೀರ್ಮಾನ? ಬೇರೆ ಮನೆ ಹುಡುಕೋದಾ?" ಮಾವ ತಟ್ಟೆಯಿಂದ ತಲೆ ಎತ್ತದೆ, "ಆರೋಪಿ ಗೈರುಹಾಜರು. ವಿಚಾರಣೆ ಮುಂದಕ್ಕೆ ಹಾಕಿದೆ" ಎಂದರು. ಮಂಗಳವಾರ ದೊರೆ ಹಾಜರಾದ. ಹೊಟ್ಟೆಯ ಕೂದಲು ಬೋಳಿಸಿದ್ದರು. ಸೀದಾ ಹೋಗಿ ಕುರ್ಚಿಯಲ್ಲಿ ಕೂತ. ವಿಚಾರಣೆ ಮತ್ತೆ ಮುಂದಕ್ಕೆ ಹೋಯಿತು. ಎಷ್ಟು ನೀರು ಕುಡಿಯಿತು, ಎಷ್ಟು ಸಲ ಮೂತ್ರ ಮಾಡಿತು, ದಿನವೂ ಯಾರಾದರೂ ಬರೆದಿಡಬೇಕು ಎಂದು ಡಾಕ್ಟರಮ್ಮ ಚೀಟಿ ಕೊಟ್ಟಿದ್ದರು. ಯಾರು ಬರೆಯುವುದು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ಮಾವ ಕುರ್ಚಿಯ ಪಕ್ಕದ ಗೋಡೆಗೆ ಮೊಳೆಯೊಂದನ್ನು ಹೊಡೆದು ಕೈಗಡಿಯಾರ ನೇತುಹಾಕಿಕೊಂಡರು. ನೋಟ್‌ಬುಕ್ಕಿನ ತಲೆಬರಹ ಮಾತ್ರ ಹಾಗೇ ಇತ್ತು.

ನಾನು ಸೋಮವಾರವೇ ಆಸ್ಪತ್ರೆಯ ರಿಜಿಸ್ಟರು ತೆರೆದು, ಶನಿವಾರದ ಪುಟದಲ್ಲಿ ಸಂದಿ ಹುಡುಕಿ, ಎರಡು ಮನೆ ಕರೆಗಳನ್ನೂ ಕೆಂಪು ಶಾಯಿಯಲ್ಲಿ ಹತ್ತಿಸಿದ್ದೆ. 'ಸಲಹೆ' ಎಂಬ ಕಡೆ ನಾನು ಹೇಳಿದ್ದನ್ನು ಬರೆಯಲು ಹೋಗಿ ಕೈ ಬರಲಿಲ್ಲ. ಖಾಲಿ ಬಿಟ್ಟೆ.

ಮುಂದಿನ ತಿಂಗಳ ಭಾಷಣ ಹತ್ತಿರವಾದಾಗ ಡಾಕ್ಟರಮ್ಮ ಹೇಳಿದರು. "ಆ ಯಜಮಾನರ ಪುಟ ತರಿಸಿ. ಗಮನಿಸೋದು ಅಂದ್ರೆ ಏನು ಅಂತ ಜನಕ್ಕೆ ಓದಿ ಹೇಳಿ." ನಾನು ಅಳುಕುತ್ತಲೇ ಮಾವನನ್ನು ಕೇಳಿದೆ.

"ಮೂಲ ಪ್ರತಿ ಮನೆ ಬಿಟ್ಟು ಹೋಗಲ್ಲ" ಎಂದರು. "ನಕಲು ಕೊಡ್ತೀನಿ."

ಎರಡು ದಿನ ಕೂತು, ಗೆರೆ ಹಾಕಿದ ಹಾಳೆಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದು ಕೊಟ್ಟರು. ಕೊನೆಯಲ್ಲಿ 'ನಕಲು ಮೂಲದಂತಿದೆ' ಎಂದು ಬರೆದು ಸಹಿ. ಆರು ನಲವತ್ತು, ನಾಲ್ಕು ಹನಿ, ಕೆಂಪು ಛಾಯೆ. ಎಲ್ಲ ಇತ್ತು. ನನ್ನ ಕಣ್ಣು ಹುಡುಕುತ್ತಿದ್ದುದು ಯಾವ ಸಾಲನ್ನೆಂದು ನಿಮಗೆ ಗೊತ್ತು. ಅಲ್ಲಿ ಹೀಗಿತ್ತು: "ಬೆಳಗ್ಗೆ 11.25. ಸೊಸೆಗೆ ಫೋನು. ಲೈನು ಸಿಗಲಿಲ್ಲ. ಮಧ್ಯಾಹ್ನ 3.12. ಸೊಸೆಗೆ ಫೋನು. ಲೈನು ಸಿಗಲಿಲ್ಲ. 3.15. ಹೊರಟೆ."

ಎರಡು ಸಲ ಓದಿದೆ. ನ್ಯಾಯಾಧೀಶರ ಮಾತಿಗೂ ಬಗ್ಗದ ಕೈ. ಆ ಕೈ ನಲವತ್ತು ವರ್ಷದಲ್ಲಿ ಬರೆಯದ ಸುಳ್ಳನ್ನು ನನಗೋಸ್ಕರ ಬರೆದು, ಕೆಳಗೆ ಸಹಿಯನ್ನೂ ಹಾಕಿತ್ತು. ಅವತ್ತು ಓದಿದಾಗ ಆಗದಷ್ಟು ನಾಚಿಕೆ ಈಗಾಯಿತು. ಪ್ರೀತಿಯೂ ಉಕ್ಕಿ ಬಂತು. ಎರಡೂ ಒಟ್ಟಿಗೆ ಬಂದದ್ದರಿಂದ ಏನು ಮಾಡಬೇಕೋ ತೋಚಲಿಲ್ಲ.

"ಮಾವ, ಇಲ್ಲಿ ತಪ್ಪಿದೆ."

"ಇರಬಹುದು" ಎಂದು ಕಿಟಕಿಯ ಕಡೆ ನೋಡಿದರು. "ನಕಲು ಮಾಡುವಾಗ ಒಂದೊಂದು ಸಲ ಕೈ ತಪ್ಪುತ್ತೆ. ವಯಸ್ಸಾಯ್ತಲ್ಲಮ್ಮ."

ನಾನು ಚೀಲದಿಂದ ಕೆಂಪು ಪೆನ್ನು ತೆಗೆದೆ. 'ಲೈನು ಸಿಗಲಿಲ್ಲ' ಎಂಬುದನ್ನು ಎರಡೂ ಕಡೆ ಹೊಡೆದುಹಾಕಿ, ಮೇಲೆ ನಾನು ಹೇಳಿದ್ದನ್ನು ಹೇಳಿದ ಹಾಗೇ ಬರೆದೆ. ಸಾವಿರ ಕೆಲಸವನ್ನೂ, ನಾಟಕವನ್ನೂ, ಒಂದು ಲೋಟ ನೀರನ್ನೂ. ಯಾವುದನ್ನೂ ಮೂಲದಿಂದ ನೋಡಿಕೊಳ್ಳಬೇಕಾಗಲಿಲ್ಲ. ಹಾಳೆಯನ್ನು ಮಾವನ ಮುಂದೆ ಇಟ್ಟೆ. ಅವರು ಕನ್ನಡಕ ಏರಿಸಿ ನಿಧಾನವಾಗಿ ಓದಿದರು. ಬೆರಳಿಟ್ಟು ತೋರಿಸಿದರು.

"'ಹಲವರು ನಕ್ಕರು' ಬಿಟ್ಟಿದೀಯ."

ಅದನ್ನೂ ಸೇರಿಸಿದೆ.

"ತಿದ್ದಿದ ಕಡೆ ತಿದ್ದಿದವರ ಸಹಿ ಬೇಕು."

ಹಾಕಿದೆ. ಪಕ್ಕದಲ್ಲಿ ಮಾವ ತಮ್ಮ ಚಿಕ್ಕ ಸಹಿಯನ್ನೂ ಹಾಕಿದರು. ಅಷ್ಟರಲ್ಲಿ ದೊರೆ ಕುರ್ಚಿಯಿಂದ ಇಳಿದು ಟ್ರೇಯ ಕಡೆ ಹೋದ. ನಾವಿಬ್ಬರೂ ಮಾತು ನಿಲ್ಲಿಸಿ ಕಿವಿಗೊಟ್ಟೆವು. ಮರಳು ಕೆದಕಿದ ಸದ್ದು, ಆಮೇಲೆ ಸುಮ್ಮನೆ, ಆಮೇಲೆ ಸಣ್ಣಗೆ, ಬಹಳ ಹೊತ್ತು, ನಿಲ್ಲದೆ ಹರಿದ ಸದ್ದು. ಮಾವ ಗಡಿಯಾರ ನೋಡಿ ಬರೆದುಕೊಂಡರು.